ಚಿತ್ತವ್ಯಂಜಕ ದ್ರವ್ಯಗಳೂ ನಮ್ಮ ವಿದ್ಯಾರ್ಥಿಗಳೂ

ವಿಷವೆಂಬುದೂ ಔಷಧವೆಂಬುದೂ ಹುಟ್ಟಿನಿಂದಲೇ ಬೇರೆ ಬೇರೆಯಾದ ಎರಡು ವಸ್ತುಗಳೆಂದು ಲೋಕವು ಸಾಮಾನ್ಯವಾಗಿ ತಿಳಿದಿರುವುದು. ನಮ್ಮ ಪ್ರಾಚೀನ ವೈದ್ಯಾಚಾರ್ಯರು ಹಾಗೆ ತಿಳಿಯಲಿಲ್ಲ. ಒಂದೇ ದ್ರವ್ಯವು ಬಲ್ಲವನ ಕೈಯಲ್ಲಿ ಔಷಧವೂ ಅರಿಯದವನ ಕೈಯಲ್ಲಿ ವಿಷವೂ ಆಗಬಹುದೆಂಬ ಅಭಿಪ್ರಾಯವು ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಬಂದಿದೆ. ಈ ಹಳೆಯ ವಿಚಾರವನ್ನು ನಾವು ಈಗ ಪುನಃ ನೆನೆಯಬೇಕಾಗಿ ಬಂದುದು ನಮ್ಮ ವಿದ್ಯಾರ್ಥಿಗಳ ದೆಸೆಯಿಂದ.

ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾಗಿ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಲ್ಲಿ ನೆಲಸಿದ್ದೇವೆ. ಅಡಿಕೆಯ ತೋಟ, ಬತ್ತದ ಗದ್ದೆಗಳ ನಡುವಣ ಈ ಗ್ರಾಮದಿಂದಲೂ ಸುತ್ತಲ ಹಳ್ಳಿಗಳಿಂದಲೂ ಈಚಿನ ವರ್ಷಗಳಲ್ಲಿ ಅನೇಕ ಮಕ್ಕಳು ವೈದ್ಯ, ಔಷಧಶಾಸ್ತ್ರ, ಶುಶ್ರೂಷೆ, ನ್ಯಾಯಶಾಸ್ತ್ರ, ಯಂತ್ರಶಾಸ್ತ್ರ ಮೊದಲಾದುವನ್ನು ಕಲಿಯಲು ದಾವಣಗೆರೆಗೂ ಶಿವಮೊಗ್ಗಕ್ಕೂ ಬೆಂಗಳೂರಿಗೂ ಹೋಗುತ್ತಿದ್ದಾರೆ. ನಮ್ಮಲ್ಲಿ ಸಂಸ್ಕೃತವನ್ನು ಓದಿದ ಕೆಲವರು ರಜೆಯಲ್ಲಿ ಊರಿಗೆ ಬಂದಾಗ ನಮ್ಮನ್ನು ಕಾಣದೆ ಹೋಗುವುದಿಲ್ಲ. ಕಳೆದ ಬೇಸಗೆಯಲ್ಲಿ ಇವರೊಳಗೆ ಒಂದು ವಿಷಯವಾಗಿ ಬಹಳ ವಾದ ನಡೆಯಿತು. ಚಿತ್ತವನ್ನು ಕಲಕಿ, ಇಲ್ಲದುದನ್ನು ಕಾಣಿಸಿ, ಕಾಲದೇಶಗಳ ಪರಿವೆಯನ್ನೇ ತಪ್ಪಿಸುವ ಕೆಲವು ದ್ರವ್ಯಗಳನ್ನು ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ಮನೋರೋಗಕ್ಕೆ ಔಷಧವಾಗಿ ಪರೀಕ್ಷಿಸುತ್ತಿದ್ದಾರಷ್ಟೆ. ನಮ್ಮ ದೇಶದಲ್ಲಿಯೂ ಅಂಥ ಸಂಶೋಧನೆ ನಡೆಯಬೇಕೆ, ಬೇಡವೆ? ನಮ್ಮ ಕಾಯಿದೆ ಈಗಿರುವಂತೆಯೇ ಇರಬೇಕೆ, ಸಡಿಲಬೇಕೆ? ಇದೇ ಆ ವಾದ.

ವಾಚಕರಲ್ಲಿ ಕೆಲವರು, ವಿಶೇಷವಾಗಿ ಮಕ್ಕಳನ್ನು ಪರಸ್ಥಳದಲ್ಲಿ ಓದಲು ಬಿಟ್ಟಿರುವ ತಾಯಿತಂದೆಗಳು, ಇಷ್ಟನ್ನು ಕೇಳಿದೊಡನೆಯೇ ಬೆಚ್ಚುವರು. "ಮಾದಕವಸ್ತು" ಎಂಬ ಒಂದು ಮಾತನ್ನಾಡಿ ಮಕ್ಕಳ ಬಾಯನ್ನು ಮುಚ್ಚಿಸುವುದು ಸುಲಭ. ಆದರೆ ಮನೆಯಲ್ಲಿ ಉತ್ತರ ದೊರೆಯದ ಪ್ರಶ್ನೆಗೆ ಮಕ್ಕಳು ಬೇರೆಡೆಯಲ್ಲಿ, ಅನೇಕವೇಳೆ ಕೈಯೊಳಗಿನ ಮೊಬೈಲಿನಲ್ಲಿ, ಉತ್ತರವನ್ನು ಹುಡುಕುವರು. ಅಲ್ಲಿ ಉತ್ತರ ಹೇಳುವವರೂ ಸರಕು ಮಾರುವವರೂ ಒಂದೇ ಬೀದಿಯಲ್ಲಿ ಕುಳಿತಿರುವರು. ಆದುದರಿಂದ ಈ ದ್ರವ್ಯಗಳಾವುವು, ಅವುಗಳ ಚರಿತ್ರೆಯೇನು, ನಮ್ಮ ವಿದ್ಯಾರ್ಥಿಗಳು ಏನೆನ್ನುತ್ತಾರೆ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಓದುವಂತೆ ಬರೆಯುವುದು ಯುಕ್ತವೆಂದು ನಮಗೆ ತೋರಿತು.

ಹೆಸರೂ ಚರಿತ್ರೆಯೂ

ಈ ದ್ರವ್ಯಗಳಿಗೆ ಇಂಗ್ಲಿಷಿನಲ್ಲಿ "ಸೈಕೆಡೆಲಿಕ್" ಎಂದು ಹೆಸರು. ಹಂಫ್ರಿ ಓಸ್ಮಂಡ್ ಎಂಬ ಮನೋವೈದ್ಯರು ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ ಇದನ್ನು ನಿರ್ಮಿಸಿ, ೧೯೫೭ರಲ್ಲಿ ವಿದ್ವಾಂಸರ ಮುಂದಿಟ್ಟರು. ಮನಸ್ಸನ್ನು ಪ್ರಕಟಗೊಳಿಸುವಂಥದು ಎಂದು ಇದರ ಅರ್ಥ. ನಾವು ಇಲ್ಲಿ "ಚಿತ್ತವ್ಯಂಜಕ" ಎಂದು ಕರೆಯುವೆವು. ಎಲ್‌ಎಸ್‌ಡಿ, ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೊಸೈಬಿನ್, ಮೆಕ್ಸಿಕೋ ಸೀಮೆಯ ಒಂದು ಕಳ್ಳಿಯಲ್ಲಿರುವ ಮೆಸ್ಕಲಿನ್, ಇವು ಮುಖ್ಯವಾದುವು. ಎಂಡಿಎಂಎ, ಕೆಟಮಿನ್ ಎಂಬುವು ಗುಣದಲ್ಲಿ ಬೇರೆಯಾದರೂ ಚಿಕಿತ್ಸೆಯ ಪ್ರಸ್ತಾಪದಲ್ಲಿ ಇವುಗಳ ಜತೆಗೇ ಬರುವುವು.

ಎಲ್‌ಎಸ್‌ಡಿ ಹುಟ್ಟಿದ ಕಥೆ ನಮ್ಮ ರೈತರಿಗೂ ತೀರ ಪರಕೀಯವಲ್ಲ. ಸಜ್ಜೆಯ ತೆನೆ ಹೂವಾಡುವ ಕಾಲದಲ್ಲಿ ತೇವ ಹೆಚ್ಚಾದರೆ ಅದರಿಂದ ಜೇನಿನಂಥ ಅಂಟು ಒಸರಿ, ಕೊನೆಗೆ ಕಾಳು ಇರಬೇಕಾದೆಡೆಯಲ್ಲಿ ಕಪ್ಪಗಿನ ಗಂಟು ಬೆಳೆಯುವುದುಂಟು. ಅದೊಂದು ಶಿಲೀಂಧ್ರ, ಎರ್ಗಾಟ್ ಎಂದು ಅದರ ಹೆಸರು. ಬೀಜವನ್ನು ಉಪ್ಪುನೀರಿಗೆ ಹಾಕಿ, ತೇಲಿದುದನ್ನು ತೆಗೆದುಬಿಡಬೇಕೆಂದು ಕೃಷಿ ಬಲ್ಲವರು ಹೇಳುವುದು ಇದಕ್ಕಾಗಿಯೇ. ಯೂರೋಪಿನ ರೈ ಧಾನ್ಯದ ಮೇಲೆ ಬೆಳೆಯುವ ಇದರ ಸೋದರ ಜಾತಿಯಿಂದ ಮಧ್ಯಯುಗದಲ್ಲಿ ಊರಿಗೆ ಊರೇ ನರಳಿದ್ದುಂಟು. ಅದೇ ಎರ್ಗಾಟಿನಿಂದ ಬಾಣಂತಿಯರ ರಕ್ತಸ್ರಾವವನ್ನು ನಿಲ್ಲಿಸುವ ಔಷಧವೂ ದೊರೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಯಾಂಡೋಜ್ ಔಷಧ ಕಂಪೆನಿಯ ರಸಾಯನಶಾಸ್ತ್ರಜ್ಞರಾದ ಆಲ್ಬರ್ಟ್ ಹಾಫ್‌ಮನ್ ಎಂಬುವರು ೧೯೩೮ರಲ್ಲಿ ಎರ್ಗಾಟಿನ ಸತ್ವವನ್ನು ಮೂಲವಾಗಿಟ್ಟುಕೊಂಡು ಎಲ್‌ಎಸ್‌ಡಿಯನ್ನು ತಯಾರಿಸಿದರು. ಐದು ವರ್ಷಗಳ ಮೇಲೆ, ೧೯೪೩ರ ಏಪ್ರಿಲ್ ೧೯ರಂದು, ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲನ್ನು ತಾವೇ ಸೇವಿಸಿದರು. ಅಷ್ಟರಿಂದಲೇ ತಲೆ ಕೆಟ್ಟಂತಾಗಿ, ಸಹಾಯಕರೊಡನೆ ಬೈಸಿಕಲ್ಲಿನಲ್ಲಿ ಮನೆಗೆ ಹೋಗಿ, ಪ್ರಾಣವೇ ಹೋಗುವುದೆಂದು ಹೆದರಿ, ಮರುದಿನ ಚೇತರಿಸಿಕೊಂಡರು. ಇಷ್ಟು ಅಲ್ಪ ಪ್ರಮಾಣದಲ್ಲಿ ಇಷ್ಟು ಬಲವುಳ್ಳ ದ್ರವ್ಯವನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

೧೯೫೦ರ ತರುವಾಯ ಮನೋವೈದ್ಯರು ಇದನ್ನು ಕುಡಿತದ ಚಟ, ವಿಷಾದ, ಮರಣಭೀತಿ ಮೊದಲಾದುವುಗಳಲ್ಲಿ ಪ್ರಯೋಗಿಸತೊಡಗಿದರು. ೧೯೫೮ರಲ್ಲಿ ಹಾಫ್‌ಮನ್ನರೇ ಮೆಕ್ಸಿಕೋದ ಅಣಬೆಯಿಂದ ಸೈಲೊಸೈಬಿನ್ನನ್ನು ಬೇರ್ಪಡಿಸಿದರು. ಇಲ್ಲಿಂದ ಮುಂದೆ ವಿದ್ಯಾರ್ಥಿಗಳು ಈ ಕಥೆಯೊಳಕ್ಕೆ ಬರುತ್ತಾರೆ. ಅಮೆರಿಕದ ಬಾಸ್ಟನ್ ನಗರದ ಒಂದು ಪ್ರಾರ್ಥನಾಮಂದಿರದಲ್ಲಿ ೧೯೬೨ರ ಶುಭ ಶುಕ್ರವಾರದ ದಿನ ವಾಲ್ಟರ್ ಪಾನ್ಕೆ ಎಂಬುವರು ಧರ್ಮಶಾಸ್ತ್ರವನ್ನೋದುತ್ತಿದ್ದ ೨೦ ಮಂದಿ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಸೈಲೊಸೈಬಿನ್ನನ್ನೂ ಉಳಿದವರಿಗೆ ಬೇರೊಂದು ಸಾಮಾನ್ಯ ಔಷಧವನ್ನೂ ಕೊಟ್ಟು ಪರೀಕ್ಷಿಸಿದರು. ಸೈಲೊಸೈಬಿನ್ ಪಡೆದವರಲ್ಲಿ ಹೆಚ್ಚುಮಂದಿ ತಮಗೆ ದಿವ್ಯಾನುಭವವಾಯಿತೆಂದು ಹೇಳಿದರು. ಆದರೆ ಅವರಲ್ಲೊಬ್ಬನು ಭ್ರಾಂತನಾಗಿ ಅವನಿಗೆ ಶಮನದ ಔಷಧವನ್ನು ಕೊಡಬೇಕಾಯಿತೆಂಬುದು ಆಗಿನ ವರದಿಯಲ್ಲಿ ಬರಲಿಲ್ಲ. ರಿಕ್ ಡಾಬ್ಲಿನ್ ಎಂಬುವರು ಅವರಲ್ಲಿ ಹೆಚ್ಚುಮಂದಿಯನ್ನು ಹುಡುಕಿ ಮಾತನಾಡಿಸಿ ೧೯೯೧ರಲ್ಲಿ ಪ್ರಕಟಿಸಿದಾಗ ಅದು ಹೊರಬಿದ್ದಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇದೇ ಬಗೆಯ ಪ್ರಯೋಗಗಳನ್ನು ನಡೆಸುತ್ತಿದ್ದ ಇಬ್ಬರು ಉಪಾಧ್ಯಾಯರು ೧೯೬೩ರಲ್ಲಿ ಕೆಲಸವನ್ನು ಕಳೆದುಕೊಂಡರು. ಅವರಲ್ಲಿ ರಿಚರ್ಡ್ ಆಲ್ಪರ್ಟರ ಮೇಲಿದ್ದ ಆರೋಪವು, ಕೊಡುವುದಿಲ್ಲವೆಂದು ಒಪ್ಪಿಕೊಂಡಿದ್ದರೂ ಕೆಳಗಿನ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಕೊಟ್ಟರೆಂಬುದು.

ಪ್ರಯೋಗಶಾಲೆಯಿಂದ ಬೀದಿಗೆ ಇಳಿದ ಮೇಲೆ ಈ ದ್ರವ್ಯಗಳಿಗೆ ಕೆಟ್ಟ ಕಾಲ ಬಂದಿತು. ಅಮೆರಿಕವು ೧೯೭೦ರಲ್ಲಿ ಇವುಗಳನ್ನು ಅತ್ಯಂತ ಕಠಿನವಾದ ಪಟ್ಟಿಗೆ ಸೇರಿಸಿತು. ೧೯೭೧ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು. ನಮ್ಮ ದೇಶದಲ್ಲಿ ೧೯೮೫ರ ಎನ್‌ಡಿಪಿಎಸ್ ಕಾಯಿದೆ ಬಂದಿತು. ಸುಮಾರು ಮೂವತ್ತು ವರ್ಷ ಸಂಶೋಧನೆಯು ಬಹುಮಟ್ಟಿಗೆ ನಿಂತಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಅದಕ್ಕೆ ಪುನಃ ಜೀವ ಬಂದಿತು. ೨೦೧೯ರಲ್ಲಿ ಅಲ್ಲಿಯೂ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿಯೂ ಇದಕ್ಕಾಗಿಯೇ ಸಂಶೋಧನಾ ಕೇಂದ್ರಗಳು ಸ್ಥಾಪಿತವಾದುವು.

ನಾಲ್ಕು ಪಾದಗಳು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕರು ಹೇಳುತ್ತಾರೆ: ವೈದ್ಯ, ದ್ರವ್ಯ, ಉಪಚಾರ ಮಾಡುವವನು, ರೋಗಿ. ನಾಲ್ಕೂ ಗುಣವುಳ್ಳವಾಗಿದ್ದರೆ ಮಾತ್ರ ರೋಗ ವಾಸಿಯಾಗುವುದು. ನಮ್ಮ ವಿದ್ಯಾರ್ಥಿಗಳ ವಾದವನ್ನು ಕೇಳುತ್ತ ಕುಳಿತಾಗ, ಒಬ್ಬೊಬ್ಬರೂ ತಾವು ಕಲಿಯುತ್ತಿರುವ ವಿದ್ಯೆಗೆ ತಕ್ಕಂತೆ ಒಂದೊಂದು ಪಾದವನ್ನು ಹಿಡಿದು ಮಾತನಾಡುತ್ತಿದ್ದಾರೆಂಬುದು ನಮಗೆ ಸ್ಪಷ್ಟವಾಯಿತು.

ವೈದ್ಯವಿದ್ಯೆಯನ್ನು ಓದುತ್ತಿರುವ ಹುಡುಗಿ ಸಂಶೋಧನೆಯ ಪರವಾಗಿ ಗಟ್ಟಿಯಾಗಿ ನಿಂತಳು. "ಮೇಷ್ಟ್ರೇ, ಎರಡು ಮೂರು ಔಷಧಗಳನ್ನು ಸರಿಯಾಗಿ ಕೊಟ್ಟರೂ ವಿಷಾದರೋಗ ಬಿಡದವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ನಾವು ಏನು ಹೇಳಬೇಕು?" ಎಂದು ಕೇಳಿದಳು. ಅವಳು ತೋರಿಸಿದ ಆಧಾರವೂ ಬೆಲೆಯುಳ್ಳದ್ದೇ. ೨೦೨೨ರ ನವೆಂಬರಿನಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಂಥ ೨೩೩ ಮಂದಿ ರೋಗಿಗಳನ್ನು ಮೂರು ಗುಂಪು ಮಾಡಿ ೨೫, ೧೦, ೧ ಮಿಲಿಗ್ರಾಮುಗಳ ಸೈಲೊಸೈಬಿನ್ನನ್ನು ಒಂದೊಂದು ಸಲ ಕೊಟ್ಟರು. ಮೂರು ವಾರಗಳ ತರುವಾಯ ೨೫ ಮಿಲಿಗ್ರಾಮು ಪಡೆದವರಲ್ಲಿ ನೂರಕ್ಕೆ ೨೯ ಮಂದಿಯೂ, ೧ ಮಿಲಿಗ್ರಾಮು ಪಡೆದವರಲ್ಲಿ ನೂರಕ್ಕೆ ೮ ಮಂದಿಯೂ ರೋಗಲಕ್ಷಣಗಳು ಬಹುತೇಕ ಅಡಗಿ ನೆಮ್ಮದಿ ಪಡೆದಿದ್ದರು. ೧೨ ವಾರಗಳ ಹೊತ್ತಿಗೆ ಆ ಗುಣವು ಅನೇಕರಲ್ಲಿ ಕುಗ್ಗಿತ್ತು. ತಲೆನೋವು, ವಾಕರಿಕೆ, ತಲೆಸುತ್ತುಗಳು ಹಲವರಿಗೆ ಬಂದುವು. ಆತ್ಮಹತ್ಯೆಯ ಯೋಚನೆಗಳೂ ಮೂರು ಗುಂಪಿನವರಲ್ಲಿಯೂ ಕಂಡುಬಂದುವು. ಇದಕ್ಕೆ ಹಿಂದಿನ ವರ್ಷ ೫೯ ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಮೊದಲೇ ಗೊತ್ತುಮಾಡಿಕೊಂಡ ಮುಖ್ಯ ಅಳತೆಯ ಪ್ರಕಾರ, ಸೈಲೊಸೈಬಿನ್ನಿಗೂ ಬಳಕೆಯಲ್ಲಿರುವ ಎಸಿಟಲೊಪ್ರಾಮ್ ಎಂಬ ಮಾತ್ರೆಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. "ಆಸೆ ಇದೆ, ಆದರೆ ಪವಾಡವಿಲ್ಲ, ಅದಕ್ಕಾಗಿಯೇ ಇನ್ನೂ ಪರೀಕ್ಷೆ ಬೇಕು" ಎಂದು ಅವಳು ಮುಗಿಸಿದಳು. ಒಳ್ಳೆಯ ವೈದ್ಯಳಾಗುವ ಲಕ್ಷಣ ಅವಳಲ್ಲಿದೆ.

ಔಷಧಶಾಸ್ತ್ರದ ಹುಡುಗನ ಗಮನವೆಲ್ಲ ದ್ರವ್ಯದ ಮೇಲೆ. ಆಸ್ಪತ್ರೆಯಲ್ಲಿ ಕೊಡುವ ೨೫ ಮಿಲಿಗ್ರಾಮಿಗೂ ಮೊಬೈಲಿನಲ್ಲಿ ಹೇಳಿ ತರಿಸುವ ಪುಡಿಗೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲವೆಂದು ಅವನು ಹೇಳಿದನು. ಎಲ್‌ಎಸ್‌ಡಿ ಎಂದು ಮಾರುವ ಕಾಗದದ ಚೂರಿನಲ್ಲಿ ಎನ್‌ಬಿಓಎಂಇ ಎಂಬ ಬೇರೆಯೇ ವಸ್ತುವಿದ್ದು ತರುಣರು ಸತ್ತಿರುವುದು ಹೊರದೇಶಗಳಲ್ಲಿ ದಾಖಲಾಗಿದೆ. ಮಳೆಗಾಲದ ಅಣಬೆಗಳಲ್ಲಿ ತಿನ್ನತಕ್ಕದ್ದಾವುದು, ಯಕೃತ್ತನ್ನು ಕೊಲ್ಲುವುದಾವುದು ಎಂಬುದನ್ನು ಗುರುತಿಸುವಲ್ಲಿ ಬಲ್ಲವರೂ ಮೋಸಹೋಗುತ್ತಾರೆ. ಲಿಥಿಯಂ ಸೇವಿಸುವವರು ಈ ದ್ರವ್ಯಗಳನ್ನು ಸೇವಿಸಿದಾಗ ಮೂರ್ಛೆಯ ಸೆಳವು ಬಂದ ವರದಿಗಳುಂಟು. ಇದರ ಮೇಲೆ ಅವನು ನಗುತ್ತ ಇನ್ನೊಂದು ಮಾತನ್ನು ಸೇರಿಸಿದನು: "ನಮ್ಮ ಚನ್ನಗಿರಿ ಸೀಮೆ ನಿಂತಿರುವುದೇ ಅಡಿಕೆಯ ಮೇಲೆ ಅಲ್ಲವೆ, ಮೇಷ್ಟ್ರೇ? ಅಡಿಕೆಯಲ್ಲಿರುವ ಅರಿಕೊಲಿನ್ ಕೂಡ ಮನಸ್ಸನ್ನು ಚುರುಕುಮಾಡುವ ವಸ್ತುವೇ. ಅಡಿಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ ೨೦೦೪ರಲ್ಲಿ ಪ್ರಕಟಿಸಿದೆ. ಆದರೂ ಅದನ್ನು ತಟ್ಟೆಯಲ್ಲಿಟ್ಟು ಬೀಗರಿಗೆ ಕೊಡುತ್ತೇವೆ." ಕುಳಿತಿದ್ದವರಲ್ಲಿ ತೋಟವಿಲ್ಲದವರು ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಮೌನವಾಯಿತು. ಅವನ ಅಭಿಪ್ರಾಯವನ್ನು ನಾವು ಅಲ್ಲಗಳೆಯಲಾರೆವು. ಬಳಕೆಯಲ್ಲಿರುವುದೆಲ್ಲ ನಿರಪಾಯವಲ್ಲ, ಬಳಕೆಯಲ್ಲಿಲ್ಲದುದೆಲ್ಲ ವಿಷವೂ ಅಲ್ಲ. ಅಳೆದು ನೋಡಿಯೇ ತಿಳಿಯತಕ್ಕದ್ದು.

ಶುಶ್ರೂಷೆಯನ್ನು ಕಲಿಯುತ್ತಿರುವ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಒಂದೇ ಪ್ರಶ್ನೆಯನ್ನು ಕೇಳಿದಳು. "ಸೈಲೊಸೈಬಿನ್ ಕೊಟ್ಟಮೇಲೆ ಆರೆಂಟು ಗಂಟೆ ರೋಗಿಯ ಪಕ್ಕದಲ್ಲಿ ಯಾರು ಕೂರುತ್ತಾರೆ?" ಪಾಶ್ಚಾತ್ಯ ಪರೀಕ್ಷೆಗಳಲ್ಲಿ ರೋಗಿಯನ್ನು ಮೊದಲೇ ಹಲವು ಸಲ ಮಾತನಾಡಿಸಿ ಸಿದ್ಧಪಡಿಸುವರು, ಔಷಧ ಕೊಟ್ಟ ದಿನವೆಲ್ಲ ಪಳಗಿದ ಸಹಾಯಕರು ಜತೆಯಲ್ಲಿರುವರು, ತರುವಾಯವೂ ಕರೆದು ಮಾತನಾಡಿಸುವರು. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸರಿಯಾಗಿ ದೊರೆಯದಿರುವಾಗ ಇಷ್ಟು ಜನರನ್ನು ಎಲ್ಲಿಂದ ತರುವುದು? ಚರಕರು ಉಪಚಾರಕನಿಗೆ ಹೇಳಿದ ಗುಣಗಳು ನಾಲ್ಕು: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶೌಚ. ಕೊನೆಯದು ಬರಿಯ ಮೈಯ ಶುದ್ಧಿಯಲ್ಲ, ನಡತೆಯ ಶುದ್ಧಿಯೂ ಹೌದೆಂದು ನಾವು ತಿಳಿಯುತ್ತೇವೆ. ಎಂಡಿಎಂಎ ಪರೀಕ್ಷೆಯೊಂದರಲ್ಲಿ, ಔಷಧದಿಂದ ವಿವಶಳಾಗಿದ್ದ ರೋಗಿಯೊಡನೆ ಚಿಕಿತ್ಸಕರು ಅನುಚಿತವಾಗಿ ವರ್ತಿಸಿದುದು ಬಯಲಾಗಿ, ಅದಕ್ಕೆ ಸಂಬಂಧಿಸಿದ ಮೂರು ಲೇಖನಗಳನ್ನು ೨೦೨೪ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಔಷಧ ಇಲಾಖೆಯು ಎಂಡಿಎಂಎ ಚಿಕಿತ್ಸೆಗೆ ಅನುಮತಿಯನ್ನು ನಿರಾಕರಿಸಿ, ಇನ್ನೊಂದು ಪರೀಕ್ಷೆಯನ್ನು ಮಾಡಿ ತರಬೇಕೆಂದಿತು. ಆಸ್ಟ್ರೇಲಿಯವಾದರೋ ೨೦೨೩ರ ಜುಲೈ ೧ರಿಂದ, ಅಧಿಕಾರ ಪಡೆದ ಮನೋವೈದ್ಯರು ಮಾತ್ರ ಕೆಲವು ರೋಗಗಳಿಗೆ ಎಂಡಿಎಂಎ, ಸೈಲೊಸೈಬಿನ್‌ಗಳನ್ನು ಕೊಡಬಹುದೆಂದು ಅನುಮತಿಸಿತು. ವಿದ್ವಾಂಸರೇ ಹೀಗೆ ಎರಡು ದಾರಿ ಹಿಡಿದಿರುವಾಗ ನಮ್ಮ ಮಕ್ಕಳು ಒಮ್ಮತಕ್ಕೆ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಸೋಮದ ಮಾತು

ಇಷ್ಟರಲ್ಲಿ ಯಂತ್ರಶಾಸ್ತ್ರದ ಹುಡುಗನು ನಮ್ಮ ಕಡೆಗೆ ತಿರುಗಿದನು. ತನ್ನ ಮನಸ್ಸು ತನ್ನದು, ಅದರಲ್ಲಿ ಸರ್ಕಾರಕ್ಕೇನು ಕೆಲಸ ಎಂಬುದು ಅವನ ಪಕ್ಷ. "ಋಷಿಗಳೇ ಸೋಮರಸ ಕುಡಿಯುತ್ತಿದ್ದರಲ್ಲ, ಮೇಷ್ಟ್ರೇ! ಅದು ಅಣಬೆಯಂತೆ. ನಮ್ಮದನ್ನೇ ನಾವು ಏಕೆ ಕಳೆದುಕೊಳ್ಳಬೇಕು?" ಎಂದನು. ಈ ಮಾತು ಈಗ ಬಹಳ ಕಡೆಗಳಲ್ಲಿ ಕೇಳಿಬರುವುದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರ ಹೇಳುವುದು ಅವಶ್ಯ.

ಋಗ್ವೇದದ ಒಂಬತ್ತನೆಯ ಮಂಡಲದ ೧೧೪ ಸೂಕ್ತಗಳು ಸೋಮಕ್ಕೇ ಮೀಸಲು. ಅದನ್ನು ಕಲ್ಲಿನಿಂದ ಜಜ್ಜಿ, ಉಣ್ಣೆಯ ಜರಡಿಯಲ್ಲಿ ಸೋಸಿ, ಹಾಲಿನೊಡನೆ ಬೆರಸುತ್ತಿದ್ದರೆಂಬುದೂ ತಿಳಿಯುತ್ತದೆ. ಆದರೆ ಆ ಸಸ್ಯ ಯಾವುದೆಂಬುದು ಬಹು ಹಿಂದೆಯೇ ಮರೆತುಹೋಯಿತು. ಸೋಮ ದೊರೆಯದಿದ್ದರೆ ಬದಲಿಗೆ ಯಾವುದನ್ನು ಬಳಸಬೇಕೆಂದು ಬ್ರಾಹ್ಮಣಗ್ರಂಥಗಳೇ ಹೇಳುತ್ತವೆ. ಗಾರ್ಡನ್ ವ್ಯಾಸನ್ ಎಂಬ ಅಮೆರಿಕದವರು ೧೯೬೮ರಲ್ಲಿ ಅದು ಬಿಳಿಯ ಚುಕ್ಕೆಗಳುಳ್ಳ ಒಂದು ಕೆಂಪು ಅಣಬೆಯೆಂದು ವಾದಿಸಿದರು. ಸಂಸ್ಕೃತ ವಿದ್ವಾಂಸರಾದ ಜಾನ್ ಬ್ರೋ ಅವರು ೧೯೭೧ರಲ್ಲಿ ಅದನ್ನು ಖಂಡಿಸಿದರು. ಇಫೆಡ್ರ ಎಂಬ ಗಿಡವೆಂದು ಮತ್ತೆ ಕೆಲವರ ಮತ. ನಿರ್ಣಯವಾಗದ ಸಂಗತಿಯನ್ನು ನಿರ್ಣಯವಾದಂತೆ ಹೇಳುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಸಲ್ಲದು.

ಅದಂತಿರಲಿ. ಸೋಮವು ಯಾವುದೇ ಆಗಿರಲಿ, ಅದನ್ನು ಹೇಗೆ ಬಳಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ದೀಕ್ಷೆ ಪಡೆದ ಯಜಮಾನನೂ ಋತ್ವಿಜರೂ ನಿಯತವಾದ ಕಾಲದಲ್ಲಿ, ನಿಯತವಾದ ಪಾತ್ರೆಯಲ್ಲಿ, ಒಬ್ಬರನ್ನೊಬ್ಬರು ಕರೆದು ಸೇವಿಸತಕ್ಕದ್ದು. ಕರೆಯಿಲ್ಲದೆ ಬಲಾತ್ಕಾರದಿಂದ ಕುಡಿದ ಇಂದ್ರನಿಗೇ ಶಕ್ತಿಯೆಲ್ಲ ಅಂಗಾಂಗಗಳಿಂದ ಸೋರಿಹೋಯಿತೆಂದೂ, ಅಶ್ವಿನೀದೇವತೆಗಳೂ ಸರಸ್ವತಿಯೂ ಅವನಿಗೆ ಚಿಕಿತ್ಸೆ ಮಾಡಬೇಕಾಯಿತೆಂದೂ ಶತಪಥಬ್ರಾಹ್ಮಣದಲ್ಲಿ ಕಥೆಯುಂಟು. ಇದಕ್ಕಿಂತಲೂ ವಿಚಾರಮಾಡಬೇಕಾದುದು ಸೋಮವನ್ನು ಮಾರುವವನ ಸಂಗತಿ. ಯಜ್ಞದಲ್ಲಿ ಸೋಮವನ್ನು ಚೌಕಾಸಿ ಮಾಡಿ ಕೊಂಡಮೇಲೆ ಮಾರಿದವನನ್ನು ಅಟ್ಟಿಬಿಡುವ ವಿಧಿಯಿದೆ. ಶ್ರಾದ್ಧಕ್ಕೆ ಕರೆಯಬಾರದವರ ಪಟ್ಟಿಯಲ್ಲಿ ಮನುಸ್ಮೃತಿಯು ಸೋಮವಿಕ್ರಯಿಯನ್ನು ಸೇರಿಸಿದೆ. ವ್ರತಸ್ಥನಾಗಿ ಸೇವಿಸಿದವನು ಪೂಜ್ಯ, ಅದನ್ನು ವ್ಯಾಪಾರ ಮಾಡಿದವನು ನಿಂದ್ಯ. "ತಮ್ಮಾ, ಋಷಿಗಳ ಸೋಮವನ್ನು ಬೇಡುವುದಾದರೆ ಋಷಿಗಳ ನಿಯಮವನ್ನೂ ಬೇಡು" ಎಂದು ನಾವು ಅವನಿಗೆ ಹೇಳಿದೆವು. ಅವನು ಪೂರ್ತಿಯಾಗಿ ಒಪ್ಪಲಿಲ್ಲ; ಒಪ್ಪಬೇಕೆಂದು ನಾವು ಬಲಾತ್ಕರಿಸಲೂ ಇಲ್ಲ.

ಕಾಯಿದೆಯ ಸ್ಥಿತಿ

ನ್ಯಾಯಶಾಸ್ತ್ರದ ಹುಡುಗನು ಹೇಳಿದ ಸಂಗತಿಗಳನ್ನು ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರಬೇಕು. ೧೯೮೫ರ ಕಾಯಿದೆಯ ಪ್ರಕಾರ ಎಲ್‌ಎಸ್‌ಡಿ, ಮೆಸ್ಕಲಿನ್, ಸೈಲೊಸೈಬಿನ್, ಎಂಡಿಎಂಎ ಇವೆಲ್ಲ ನಿಯಂತ್ರಿತ ವಸ್ತುಗಳು. ಇವುಗಳನ್ನು ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು, ಸೇವಿಸುವುದು ಎಲ್ಲವೂ ಅಪರಾಧ. ಎಲ್‌ಎಸ್‌ಡಿಯ ವಿಷಯದಲ್ಲಿ "ಅಲ್ಪ ಪ್ರಮಾಣ" ಎಂಬುದಕ್ಕೆ ಎರಡು ಮಿಲಿಗ್ರಾಮು ಮಿತಿ. ನೂರು ಮಿಲಿಗ್ರಾಮು ದಾಟಿದರೆ "ವಾಣಿಜ್ಯ ಪ್ರಮಾಣ"ವಾಗಿ, ಹತ್ತರಿಂದ ಇಪ್ಪತ್ತು ವರ್ಷಗಳ ಕಠಿನ ಶಿಕ್ಷೆಯೂ ಲಕ್ಷದಿಂದ ಎರಡು ಲಕ್ಷ ರೂಪಾಯಿಗಳ ಜುಲ್ಮಾನೆಯೂ ವಿಧಿಸಲ್ಪಡುವುದು. ಸ್ನೇಹಿತನ ಚೀಲವನ್ನು ಹೊತ್ತೆನೆಂಬ ಸಮಾಧಾನವು ಹಾಸ್ಟೆಲಿನಲ್ಲಿ ನಡೆಯಬಹುದು, ಕೋರ್ಟಿನಲ್ಲಿ ನಡೆಯುವುದು ಬಲು ಕಷ್ಟ.

ಆದರೆ ಇದೇ ಕಾಯಿದೆಯ ೮ನೆಯ ಕಲಮಿನಲ್ಲಿ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕಾಗಿ, ನಿಯಮಾನುಸಾರವಾಗಿ, ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಂಶೋಧನೆಗೆ ಕಾಯಿದೆಯನ್ನು ಮುರಿಯಬೇಕಾಗಿಲ್ಲ. ಆ ಬಾಗಿಲಿನಿಂದ ಹೋಗಬೇಕಾಗಿದೆ. ಮತ್ತು ೬೪ಎ ಕಲಮಿನ ಪ್ರಕಾರ, ಅಲ್ಪ ಪ್ರಮಾಣದ ಅಥವಾ ಸೇವನೆಯ ಅಪರಾಧಕ್ಕೆ ಸಿಕ್ಕ ವ್ಯಸನಿಯು ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರವು ಮನ್ನಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಈ ಎರಡನೆಯ ಸಂಗತಿಯನ್ನು ತಿಳಿಯದೆ, ಮಾನ ಹೋಗುವುದೆಂದು ಮಕ್ಕಳನ್ನು ಕೋಣೆಯೊಳಗೆ ಬಚ್ಚಿಟ್ಟು ಕೆಡಿಸಿಕೊಂಡ ಮನೆಗಳಿವೆ.

ಕಾಯಿದೆಯ ಅಂಚುಗಳು ಈಗಲೂ ಅಸ್ಪಷ್ಟವಾಗಿವೆ. ೨೦೨೨ರಲ್ಲಿ ಕರ್ನಾಟಕದ ಹೈಕೋರ್ಟು ಒಂದು ಜಾಮೀನಿನ ಅರ್ಜಿಯಲ್ಲಿ, ಭಂಗಿಯು ಈ ಕಾಯಿದೆಯಂತೆ ನಿಷೇಧಿತವಾದುದಲ್ಲವೆಂದು ಅಭಿಪ್ರಾಯಪಟ್ಟಿತು. ೨೦೨೫ರ ಜನವರಿಯಲ್ಲಿ ಕೇರಳದ ಹೈಕೋರ್ಟು ಇನ್ನೊಂದು ಜಾಮೀನಿನ ಅರ್ಜಿಯಲ್ಲಿ, ಸೈಲೊಸೈಬಿನ್ನಿರುವ ಅಣಬೆಯು ಸ್ವಭಾವಜನ್ಯವಾದ ಶಿಲೀಂಧ್ರವಾದ್ದರಿಂದ ಅದನ್ನು "ಮಿಶ್ರಣ"ವೆಂದೆಣಿಸಿ ಇಡಿಯ ತೂಕವನ್ನು ಲೆಕ್ಕಕ್ಕೆ ಹಿಡಿಯಲಾಗದೆಂದಿತು. ಇವು ಜಾಮೀನಿನ ಹಂತದ ಮಾತುಗಳು. ಇವನ್ನು ಅನುಮತಿಪತ್ರವೆಂದು ಭಾವಿಸುವ ತರುಣನು ಮೋಸಹೋಗುವನು.

ಹಾಗಾದರೆ ನೀತಿಯನ್ನು ಹೇಗೆ ರೂಪಿಸಬೇಕು? ಇದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವನ್ನು ಆ ಹುಡುಗನು ಎತ್ತಿ ಹೇಳಿದನು. ಭಂಗಿ ಗಾಂಜಾಗಳನ್ನು ಸೇವಿಸಿದವರು ಹುಚ್ಚರಾಗುವರೆಂಬ ಕೂಗು ಎದ್ದಾಗ ಅಂದಿನ ಬ್ರಿಟಿಷ್ ಸರ್ಕಾರವು ೧೮೯೩ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಆಯೋಗವು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತೆಗೆದು ನೋಡಿ, ಮರುವರ್ಷ ವರದಿ ಕೊಟ್ಟಿತು. ಹುಚ್ಚಿಗೆ ಕಾರಣ ಗಾಂಜಾ ಎಂದು ಬರೆದಿದ್ದ ಎಷ್ಟೋ ದಾಖಲೆಗಳಿಗೆ ಬುಡವೇ ಇಲ್ಲವೆಂದು ತಿಳಿದುಬಂದಿತು. ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಹತೋಟಿ ಸಾಕೆಂದು ಆಯೋಗವು ಸಲಹೆ ಮಾಡಿತು. ಆ ಸಲಹೆ ಇಂದಿಗೆ ಸರಿಯೋ ಅಲ್ಲವೋ, ಅದು ಬೇರೆ ಮಾತು. ಮೊದಲು ವಿಚಾರಿಸಿ ಆಮೇಲೆ ತೀರ್ಮಾನಿಸಿದ ಕ್ರಮವು ಮೆಚ್ಚತಕ್ಕದ್ದು.

ನಾಲ್ಕನೆಯ ಪಾದ

ರೋಗಿಯ ಪರವಾಗಿ ಮಾತನಾಡಿದವನು ವಾದದಲ್ಲಿ ಸೇರದೆ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹುಡುಗ. ಎಲ್ಲರೂ ಹೋದಮೇಲೆ ಅವನು ಉಳಿದುಕೊಂಡನು. ಅವನ ತಾಯಿ ಮೂರು ವರ್ಷಗಳಿಂದ ವಿಷಾದದಿಂದ ಬಳಲುತ್ತಿದ್ದರು. ಊಟ ಸೇರದು, ನಿದ್ರೆ ಬಾರದು, ಯಾರೊಡನೆಯೂ ಮಾತಿಲ್ಲ. ಎರಡು ಬಾರಿ ಮಾತ್ರೆ ತಂದುಕೊಟ್ಟರೂ ಗುಣವಾಗಲಿಲ್ಲ. ಅಣಬೆಯ ಪುಡಿಯನ್ನು ಅಂಚೆಯ ಮೂಲಕ ಕಳುಹಿಸುವೆನೆಂದು ಯಾರೋ ಅವನಿಗೆ ಮೊಬೈಲಿನಲ್ಲಿ ಹೇಳಿದ್ದರು. "ಹಣವನ್ನೂ ಕೂಡಿಸಿಟ್ಟಿದ್ದೇನೆ, ಮೇಷ್ಟ್ರೇ. ಹಾಲಿನಲ್ಲಿ ಬೆರಸಿ ಕೊಟ್ಟರೆ ಅವ್ವನಿಗೆ ತಿಳಿಯುವುದೂ ಇಲ್ಲ" ಎಂದನು.

ನಾವು ಅವನನ್ನು ಗದರಿಸಲಿಲ್ಲ. ತಾಯಿಯ ಮೇಲಿನ ಪ್ರೀತಿಯಿಂದ ಹುಟ್ಟಿದ ಆಲೋಚನೆ ಅದು. ಆದರೆ ಅದರಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದೂ ಇರಲಿಲ್ಲ. ವೈದ್ಯರಿಲ್ಲ, ಬಳಿಯಲ್ಲಿ ಕೂರಬಲ್ಲವರಿಲ್ಲ, ದ್ರವ್ಯವು ಯಾವುದೆಂದೇ ತಿಳಿಯದು, ರೋಗಿಗೆ ತಾನು ಏನನ್ನು ಕುಡಿಯುತ್ತಿದ್ದೇನೆಂಬುದೇ ಗೊತ್ತಿಲ್ಲ. ತಿಳಿಯದೆ ಅಂಥದನ್ನು ಕುಡಿದವರು ತಮಗೆ ಬುದ್ಧಿಭ್ರಮಣೆಯಾಯಿತೆಂದು ಹೆದರಿ ಬಾವಿಯನ್ನೋ ಕೆರೆಯನ್ನೋ ಹುಡುಕಿಕೊಂಡು ಹೋದರೆ ಗತಿಯೇನು? ನಾವು ಇಷ್ಟನ್ನು ಹೇಳಿ, ಶುಶ್ರೂಷೆಯ ಹುಡುಗಿಯನ್ನು ಕರೆಸಿದೆವು. ಅವಳು ಆ ತಾಯಿಯ ಬಳಿ ಕುಳಿತು ಮೆಲ್ಲಗೆ ವಿಚಾರಿಸಿದಾಗ ಹೊರಬಿದ್ದ ಸಂಗತಿಯೇ ಬೇರೆ. ಎರಡು ಸಲವೂ ಅವರು ಮೂರು ನಾಲ್ಕು ವಾರಗಳಲ್ಲಿಯೇ ಮಾತ್ರೆಯನ್ನು ಬಿಟ್ಟಿದ್ದರು. ಅಭ್ಯಾಸವಾಗಿಬಿಡುವುದೆಂದು ನೆರೆಮನೆಯವರು ಹೆದರಿಸಿದ್ದರಂತೆ. ಮಗನಿಗೆ ಹೇಳಿದರೆ ನೊಂದುಕೊಳ್ಳುವನೆಂದು ಹೇಳಿರಲಿಲ್ಲ. ಔಷಧವು ಸೋತಿರಲಿಲ್ಲ, ಅದಕ್ಕೆ ಕಾಲವೇ ಸಿಕ್ಕಿರಲಿಲ್ಲ. ದಾವಣಗೆರೆಯ ಮನೋವೈದ್ಯರನ್ನು ಕಂಡು, ಕ್ರಮವಾಗಿ ಮಾತ್ರೆ ಸೇವಿಸಿ, ಆ ತಾಯಿ ಈಗ ತಕ್ಕಮಟ್ಟಿಗೆ ಉಂಡು ಮಲಗುತ್ತಿದ್ದಾರೆ. ಪೂರ್ಣವಾಗಿ ವಾಸಿಯಾಯಿತೆಂದು ಹೇಳಲಾರೆವು.

ಇಂಥ ಮನೆಗಳು ಒಂದೆರಡಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಿಷಾದರೋಗಿಗಳಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹೊಸ ಔಷಧ ಬರುವುದಕ್ಕೆ ಮೊದಲು ಹಳೆಯ ಔಷಧವೇ ಇನ್ನೂ ಮನೆಗಳನ್ನು ಮುಟ್ಟಿಲ್ಲ. ಹಳ್ಳಿಗಳಿಗೆ ಮನೋವೈದ್ಯವನ್ನು ಮುಟ್ಟಿಸುವ ಪ್ರಯತ್ನಕ್ಕೆ ಕರ್ನಾಟಕವೇ ದಾರಿ ತೋರಿಸಿತ್ತು. ನಿಮ್ಹಾನ್ಸಿನವರು ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಕಾರ್ಯಕ್ರಮವನ್ನೇ ಆಮೇಲೆ ದೇಶದ ಇತರ ಜಿಲ್ಲೆಗಳು ಅನುಸರಿಸಿದುವು. ೨೦೧೪ರಲ್ಲಿ ಕರ್ನಾಟಕ ಸರ್ಕಾರವು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ "ಮನೋಚೈತನ್ಯ" ಯೋಜನೆಯನ್ನು ತಂದಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಇದನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ತಪ್ಪಲ್ಲ.

ನಮ್ಮ ಅಭಿಪ್ರಾಯ

ವಿದ್ಯಾರ್ಥಿಗಳ ಮಾತುಗಳನ್ನೆಲ್ಲ ಕೂಡಿಸಿ ನೋಡಿದರೆ ನಮಗೆ ತೋರುವುದು ಇಷ್ಟು. ಸಂಶೋಧನೆ ಬೇಕೆಂಬ ಅವರ ಬೇಡಿಕೆ ನ್ಯಾಯವಾದುದು. ವಿಜ್ಞಾನವು ನಿಂತ ಕಡೆ ವದಂತಿ ನಡೆಯತೊಡಗುವುದು. ಮೂವತ್ತು ವರ್ಷ ಸಂಶೋಧನೆ ನಿಂತಾಗ ಬೀದಿಯ ವ್ಯಾಪಾರವೇನೂ ನಿಲ್ಲಲಿಲ್ಲ. ಕೆಟಮಿನ್ ಎಂಬುದು ಅರಿವಳಿಕೆಯ ಔಷಧವಾಗಿ ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಉಂಟು. ವಿಷಾದರೋಗದಲ್ಲಿ ಅದರ ಗುಣದೋಷಗಳನ್ನು ನಿಮ್ಹಾನ್ಸಿನ ಚಿತ್ತರಂಜನ್ ಆಂಡ್ರಾಡೆ ಮೊದಲಾದವರು ವಿಮರ್ಶಿಸಿ ಬರೆದಿದ್ದಾರೆ. ಕಟ್ಟುನಿಟ್ಟಿನೊಳಗೆ ಸಂಶೋಧನೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಉಳಿದ ದ್ರವ್ಯಗಳನ್ನೂ ಅಂಥ ಸಂಸ್ಥೆಗಳಲ್ಲಿ, ಸರ್ಕಾರದ ಅನುಮತಿಯಿಂದ, ಕೆಲವೇ ರೋಗಿಗಳಲ್ಲಿ, ಅವರ ಒಪ್ಪಿಗೆಯನ್ನು ಪಡೆದು ಪರೀಕ್ಷಿಸಲಿ. ಗುಣವನ್ನು ಪ್ರಕಟಿಸುವಂತೆ ಕೆಡುಕನ್ನೂ ಪ್ರಕಟಿಸಲಿ. ಬಾಸ್ಟನ್ನಿನಲ್ಲಿ ಬೆಚ್ಚಿಬಿದ್ದ ಆ ವಿದ್ಯಾರ್ಥಿಯ ಸಂಗತಿಯು ಬೆಳಕಿಗೆ ಬರಲು ಇಪ್ಪತ್ತೊಂಬತ್ತು ವರ್ಷ ಬೇಕಾಯಿತೆಂಬುದನ್ನು ಸಂಶೋಧಕರು ಮರೆಯದಿರಲಿ.

ಕಾಯಿದೆಯ ವಿಷಯದಲ್ಲಿ, ಮಾರುವವನಿಗೂ ರೋಗಿಗೂ ಇರುವ ಭೇದವನ್ನು ನಮ್ಮ ಪೂರ್ವಿಕರು ಕಂಡಂತೆ ನಾವೂ ಕಾಣಬೇಕು. ವ್ಯಾಪಾರಿಯ ಮೇಲೆ ದಂಡ ಬೀಳಲಿ. ದಾರಿ ತಪ್ಪಿದ ಹುಡುಗನಿಗೆ ಆಸ್ಪತ್ರೆಯ ದಾರಿ ಸೆರೆಮನೆಯ ದಾರಿಗಿಂತ ಹತ್ತಿರವಾಗಲಿ. ರೋಗಿಗೆ ಇರಬೇಕಾದ ಗುಣಗಳಲ್ಲಿ ಚರಕರು ಇವೆರಡನ್ನೂ ಎಣಿಸಿದ್ದಾರೆ: ಹೆದರದಿರುವುದು ಮತ್ತು ತನ್ನ ಸ್ಥಿತಿಯನ್ನು ವೈದ್ಯನಿಗೆ ತಿಳಿಸಬಲ್ಲವನಾಗಿರುವುದು. ತಾನು ಏನನ್ನು ಸೇವಿಸಿದೆನೆಂಬುದನ್ನು ಭಯದಿಂದ ಮುಚ್ಚಿಡುವ ಹುಡುಗನಲ್ಲಿ ಎರಡೂ ಇಲ್ಲ. ಆ ಗುಣಗಳನ್ನು ಅವನಿಗೆ ಕೊಡತಕ್ಕವರು ಮೊದಲು ಮನೆಯವರು, ಆಮೇಲೆ ಉಪಾಧ್ಯಾಯರು, ಆಮೇಲೆ ಸರ್ಕಾರ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ರಜೆಯಲ್ಲಿ ಬಂದ ಮಕ್ಕಳು ಇಂಥ ಪ್ರಶ್ನೆಯನ್ನೆತ್ತಿದರೆ ಎದ್ದುಹೋಗಬೇಡಿರಿ. ಎಲ್ಲಕ್ಕೂ ಉತ್ತರ ತಿಳಿದಿರಬೇಕೆಂಬ ನಿರ್ಬಂಧವಿಲ್ಲ. ಪೂರ್ತಿಯಾಗಿ ಕೇಳಿಸಿಕೊಂಡರೆ ಸಾಕು. ಮನೆಯಲ್ಲಿ ಕೇಳುವವರುಂಟೆಂದು ತಿಳಿದ ಮಗನು ಕೂಡಿಸಿಟ್ಟ ಹಣವನ್ನು ಗುರುತಿಲ್ಲದವನಿಗೆ ಕಳುಹಿಸುವುದಕ್ಕೆ ಮೊದಲು ಒಂದು ಮಾತನ್ನು ನಿಮ್ಮೊಡನೆ ಆಡುವನು.